ಎದುರುಮನೆಗೆ ಹೇಳಿದ ಸುಳ್ಳುಗಳು

ಮಗಳಿಗೆ ಕಿವಿನೋವು ಎಂದು ನಾನು ಮೊದಲ ಸುಳ್ಳು ಹೇಳಿದ್ದು ಖೈರುನ್ನೀಸಾಗೆ. ಮಾರನೆಯ ದಿನ ಪದ್ಮಾವತಮ್ಮನಿಗೆ ಹಲ್ಲುನೋವು ಎಂದೆ. ಅದರ ಮಾರನೆಯ ದಿನ ಹೆಡ್ಮಾಸ್ಟರ್ ಗುರುಪಾದಪ್ಪನವರು ಕನ್ನಡಕದ ಮೇಲಿಂದ ನೋಡುತ್ತ "ಯಾಕಮ್ಮ, ಮಗು ಆ ಪಾಟಿ ಕಿರುಚ್ತಾ ಇದೆ?" ಎಂದಾಗ ಗಾಬರಿಯಲ್ಲಿ "ಮೈಮೇಲೆ ಹಲ್ಲಿ ಬಿತ್ತು ಸಾರ್" ಎಂದುಬಿಟ್ಟೆ. ಬೇರೆ ಊರಿನಲ್ಲಾಗಿದ್ದರೆ ಎದುರುಮನೆಯವರಿಗೆ ಒಂದು ಸುಳ್ಳು ಹೇಳಿ ಜನ್ಮವಿಡೀ ಅದನ್ನೇ ಕಾಪಾಡಿಕೊಂಡು ಹೋಗಬಹುದಿತ್ತು. ನಮ್ಮ ಊರಿನಲ್ಲಿ ಆ ಸುಖವಿಲ್ಲ. ಇಲ್ಲಿ ದಿನಾ ಬೆಳಗ್ಗೆ ಎದುರುಮನೆ ಬದಲಾಗುತ್ತದೆ.

ಒಲೆಯ ಮೇಲಿಟ್ಟ ಹಾಲು ಉಕ್ಕುವ ಹೊತ್ತಿಗೆ ಮನೆಗಳು ಜರುಗುತ್ತವೆ. ನೆಲ ಸ್ವಲ್ಪ ತೂಗಿದ ಹಾಗಾಗುತ್ತದೆ, ಗೂಡಿನಲ್ಲಿರುವ ಲೋಟಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎನ್ನುತ್ತವೆ, ನಾವು ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಅಡುಗೆಕಟ್ಟೆ ಹಿಡಿದು ನಿಲ್ಲುತ್ತೇವೆ. ಸದ್ದು ನಿಂತ ಮೇಲೆ ಬಾಗಿಲು ತೆಗೆದರೆ ಬೇರೆ ಬೀದಿ, ಬೇರೆ ಎದುರುಮನೆ. ಬೀದಿಗಳು ಮಾತ್ರ ಇದ್ದಲ್ಲೇ ಇರುತ್ತವೆ. ಹೀಗಾಗಿ ನಿನ್ನೆ ನಾನು ಸೊಂಟ ಮುರಿದುಕೊಂಡು ಬಿಡಿಸಿದ ರಂಗೋಲಿ ಇವತ್ತು ಯಾರ ಮನೆ ಮುಂದೋ ಮೆರೆಯುತ್ತದೆ, ನನ್ನ ಹೊಸ್ತಿಲ ಮುಂದೆ ಯಾರದೋ ಸೊಟ್ಟ ನವಿಲು. ಜಗಳಗಂಟರಿಗೆ ಇನ್ನೂ ಕಷ್ಟ. ಅರ್ಧಕ್ಕೆ ನಿಂತ ಜಗಳವನ್ನು ಪೂರ್ತಿ ಮಾಡಲು ಊರೆಲ್ಲ ಹುಡುಕಿಕೊಂಡು ಹೋಗಬೇಕು, ಮನೆ ಸಿಗುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ, ಕೊನೆಗೆ ಕಾಫಿ ಕುಡಿದು ವಾಪಸು ಬರಬೇಕು. ನನ್ನ ಗಂಡ ಮುದ್ದುರಾಜನ ಬೇಕರಿಯೂ ಹೀಗೇ ಸುತ್ತುತ್ತದೆ. ಗಿರಾಕಿಗಳು ಬ್ರೆಡ್ಡಿನ ವಾಸನೆ ಹಿಡಿದು ಬರುತ್ತಾರೆ. ಮುದ್ದುರಾಜ ಎಷ್ಟೋ ದಿನ ತನ್ನ ಅಂಗಡಿಗೆ ತಾನೇ ದಾರಿ ಕೇಳಿಕೊಂಡು ಹೋಗುತ್ತಾನೆ.

ಬಾಗಿಲು ತೆಗೆದ ಕೂಡಲೇ "ಯಾರ ಮನೆ ಇವತ್ತು?" ಎಂದು ಕೂಗುವುದು, ಆಮೇಲೆ ತಿಂಡಿಯ ಬಟ್ಟಲು ಬದಲಾಯಿಸಿಕೊಳ್ಳುವುದು ಇಲ್ಲಿಯ ಪದ್ಧತಿ. ತಾವು ಮಾಡಿದ ಉಪ್ಪಿಟ್ಟನ್ನು ಅತ್ತ ಸಾಗಿಸಿ ಅವರ ಇಡ್ಲಿ ತಿನ್ನುವ ಸಂಭ್ರಮದಲ್ಲಿ ಊರಿಗೆ ಊರೇ ಬೆಳಗ್ಗೆ ಗಲಗಲ ಎನ್ನುತ್ತಿರುತ್ತದೆ. ನನ್ನ ಮಗಳು ಇಂಚರ ಒಬ್ಬಳಿಗೆ ಮಾತ್ರ ಆ ಹೊತ್ತು ಬೇಡವೇ ಬೇಡ. ಬಾಗಿಲಿನಾಚೆ ನಿನ್ನೆಯ ಮನೆ ಇಲ್ಲದ್ದನ್ನು ಕಂಡರೆ ಅವಳು ಎರಡು ಕೈಯಿಂದ ಕಿವಿ ಮುಚ್ಚಿಕೊಂಡು, ಉಸಿರು ಕಟ್ಟುವ ಹಾಗೆ ಕಿರುಚುತ್ತಿದ್ದಳು. ಹೊರಗೆ ಹೋಗಲೇಬೇಕಾದರೆ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಬೇಕು. ನಾಲ್ಕು ವರ್ಷ ತುಂಬಿದರೂ ಅವಳು ತನ್ನ ಕಾಲ ಮೇಲೆ ಹೊಸ್ತಿಲು ದಾಟಿರಲಿಲ್ಲ.

ಮನೆಯೊಳಗೆ ಮಾತ್ರ ಅವಳಷ್ಟು ಖುಷಿಯ ಪ್ರಾಣಿ ಇನ್ನೊಂದಿಲ್ಲ. ಸ್ಟೀಲ್ ಡಬ್ಬಿಗಳ ಮುಚ್ಚಳಗಳನ್ನೆಲ್ಲ ತೆಗೆದು ನೆಲದ ಮೇಲೆ ಬುಗುರಿಯಂತೆ ತಿರುಗಿಸಿ, ಅವು ಗರಗರನೆ ಸುತ್ತಿ ಮಲಗುವಾಗ ಕೈ ಎರಡೂ ಪಟಪಟ ಬಡಿದು ಕೇಕೆ ಹಾಕುತ್ತಾಳೆ. ಬೇಳೆ ಡಬ್ಬಿಗೆ ಸಕ್ಕರೆಯ ಮುಚ್ಚಳ, ಸಕ್ಕರೆ ಡಬ್ಬಿಗೆ ಇರುವೆ, ಅದು ನಮ್ಮ ಅಡುಗೆಮನೆ. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ನನ್ನ ಅತ್ತೆ "ಇಂಚರ ಅಂತ ಹೆಸರಿಟ್ರಲ್ಲ, ಅದಕ್ಕೇ ಮಾತಾಡ್ತಾ ಇಲ್ಲ, ಮೂಕಮ್ಮ ಅಂತ ಇಟ್ಟಿದ್ರೆ ಬಾಯಿ ಮುಚ್ಚಿಸೋಕೆ ಆಗ್ತಿರ್ಲಿಲ್ಲ" ಎಂದಿದ್ದರು. ಮುದ್ದುರಾಜ ಅದನ್ನು ನಿಜವಾಗಿ ಯೋಚಿಸಲು ಶುರುಮಾಡಿದ ದಿನ ನಾನು ಹಟ ಹಿಡಿದು ಡಾಕ್ಟರ ಹತ್ತಿರ ಹೊರಟೆ.

ಡಾಕ್ಟರ್ ಸರ್ವಮಂಗಳಾ ಊರಿಗೆ ಹೊಸಬರು. ಅವರ ಕ್ಲಿನಿಕ್ ಹುಡುಕುವುದರಲ್ಲೇ ನಮಗೆ ಮಧ್ಯಾಹ್ನವಾಯಿತು. ಅವರು ಕುರ್ಚಿ ಬಿಟ್ಟು ಕೆಳಗೆ ಕೂತು ಇಂಚರಳ ಜೊತೆ ಬಹಳ ಹೊತ್ತು ಮುಚ್ಚಳ ತಿರುಗಿಸಿದರು. ಆಮೇಲೆ ಸೀರೆ ಕೊಡವಿಕೊಂಡು ಎದ್ದು, "ಇಂಚರಂಗೆ ಆಟಿಸಂ ಇದೆ" ಎಂದರು.

"ಮಾತ್ರೆ ಎಷ್ಟು ದಿನ ಕೊಡ್ಬೇಕು ಡಾಕ್ಟ್ರೇ?" ಎಂದ ಮುದ್ದುರಾಜ.

"ಇದು ಬಂದು ಹೋಗೋ ಜ್ವರ ಅಲ್ಲಪ್ಪ. ಅವಳು ಇರೋದೇ ಹೀಗೆ. ನಮಗೆ ಮೆಲ್ಲಗೆ ಕೇಳಿಸೋದು ಅವಳಿಗೆ ಜೋರಾಗಿ ಕೇಳಿಸತ್ತೆ. ಕಲೀತಾಳೆ, ತನ್ನದೇ ದಾರೀಲಿ ಕಲೀತಾಳೆ, ನಾನು ಹೇಳಿಕೊಡ್ತೀನಿ. ನೀವು ಮನೇಲಿ ಮಾಡಬೇಕಾದ್ದು ಒಂದಿದೆ. ಬದಲಾವಣೆ ಅವಳಿಗೆ ತಡಕೊಳ್ಳೋಕೆ ಆಗಲ್ಲ. ಸುತ್ತಮುತ್ತ ಎಲ್ಲ ದಿನಾ ಒಂದೇ ಥರ ಇರೋ ಹಾಗೆ ನೋಡ್ಕೊಳ್ಳಿ."

ನಾನು ಮುದ್ದುರಾಜನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಮೊದಲು ಅವನ ಹೊಟ್ಟೆ ಕುಲುಕಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡರೂ ತಡೆಯಲಾಗಲಿಲ್ಲ. ಇಡೀ ಲೋಕದಲ್ಲಿ ಮಗಳು ಹುಟ್ಟಲು ಈ ಊರೇ ಬೇಕಿತ್ತೇ! ಇಬ್ಬರೂ ಡಾಕ್ಟರ ಮುಂದೆ ಹೊಟ್ಟೆ ಹಿಡಿದು ಬಿದ್ದು ಬಿದ್ದು ನಕ್ಕೆವು. ಡಾಕ್ಟರಮ್ಮ ಮೊದಲು ಸಿಟ್ಟಿನಿಂದ ನೋಡಿದರು, ಆಮೇಲೆ ತಾವು ಹೇಳಿದ್ದು ತಮಗೇ ಹೊಳೆದು ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದರು. ನಮ್ಮನ್ನು ನೋಡಿ ಇಂಚರ ಕೈ ಬಡಿದಳು. ಹೊರಗೆ ಕಾಯುತ್ತಿದ್ದವರು ಒಳಗೆ ಏನೋ ಶುಭಸುದ್ದಿ ಎಂದುಕೊಂಡಿರಬೇಕು.

ನಗು ಮುಗಿದ ಮೇಲೆ ಅಳು ಬಂತು. ನನ್ನ ತಲೆಯಲ್ಲಿ ಬೇರೊಬ್ಬ ಹುಡುಗಿ ಇದ್ದಳು. ಎರಡು ಜಡೆ, ಎಡೆಬಿಡದ ಮಾತು, "ಅಮ್ಮ ನಿಂಗೇನೂ ಗೊತ್ತಿಲ್ಲ ಸುಮ್ನಿರು" ಎನ್ನುವ ಗತ್ತು. ಅವಳು ಹುಟ್ಟಿರಲೇ ಇಲ್ಲ, ಆದರೂ ಅವಳು ತೀರಿಹೋದ ಹಾಗೆ ನಾನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಳುವಾಗಲೇ ನನ್ನ ಮೇಲೆ ನನಗೆ ಕೋಪ ಬಂತು. ಇದ್ದ ಮಗಳು ಹೊರಗೆ ಹೂವಿನ ಹಾಗೆ ಕೂತಿದ್ದಾಳೆ, ಇಲ್ಲದವಳಿಗಾಗಿ ಅಳುತ್ತಿದ್ದೇನೆ! ಮುದ್ದುರಾಜನ ಅಳು ಬೇರೆ ರೀತಿಯದು. ಅವನು ಏನಾದರೂ ಮಾಡಿಯೇ ತೀರಬೇಕು. ಒಂದು ಸಂಜೆ ದಪ್ಪ ಹಗ್ಗ ತಂದು ಮನೆಯ ಕಂಬಕ್ಕೂ ಬೀದಿಯಲ್ಲಿದ್ದ ಕಲ್ಲುಬಾನಿಗೂ ಸೇರಿಸಿ ಬಿಗಿದ. "ಇನ್ನು ಜರುಗಲಿ ನೋಡೋಣ" ಎಂದ. ಬೆಳಗ್ಗೆ ಮನೆ ಎಂದಿನಂತೆ ಜರುಗಿತು, ಹಿಂದೆಯೇ ಕಲ್ಲುಬಾನಿ ಬಂತು, ಬಾನಿಯಲ್ಲಿ ನೀರು ಕುಡಿಯುತ್ತಿದ್ದ ಎಮ್ಮೆಯೂ ಬಾಯಿ ಎತ್ತದೆ ಬಂತು. ಎಮ್ಮೆಯ ಯಜಮಾನನಿಗೆ ಒಂದು ಇಡೀ ಕೇಕು ಕೊಟ್ಟು ಸಮಾಧಾನ ಮಾಡಿದೆವು.

ಆಟಿಸಂ ಎಂಬ ಮಾತನ್ನು ನಾವು ಯಾರಿಗೂ ಹೇಳಲಿಲ್ಲ. ಇಂಚರಳ ಬಗ್ಗೆ ನನಗೆ ನಾಚಿಕೆಯಿತ್ತೇ ಎಂದು ಕೇಳಿದರೆ ಇಲ್ಲ ಎಂದು ಎದೆತಟ್ಟಿ ಹೇಳಬಲ್ಲೆ. ಆದರೆ "ಅಯ್ಯೋ ಪಾಪ" ಎನ್ನುವವರ ಮುಖ ನನಗೆ ಗೊತ್ತು. ಬೇರೆ ಊರಿನ ತಾಯಿ ಅದನ್ನು ಒಂದು ಸಲ ಕೇಳಿ ಮುಗಿಸುತ್ತಾಳೆ. ನಾನು ದಿನಾ ಬೆಳಗ್ಗೆ ಹೊಸದಾಗಿ ಕೇಳಬೇಕು, ಅದೂ ಬಿಸಿ ತಿಂಡಿಯ ಜೊತೆ. ಅದಕ್ಕೇ ಸುಳ್ಳು ಹೇಳಿದೆ. ಜಂತುಹುಳ, ದೃಷ್ಟಿ, ಕೆಟ್ಟ ಕನಸು, ಬಿಗಿ ಚಪ್ಪಲಿ, ಬಾಯಿಗೆ ಬಂದದ್ದೆಲ್ಲ. ನಮ್ಮ ಜನ ಬರೀ ಕೇಳಿ ಬಿಡುವವರಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಲವಂಗ, ಬೇವಿನ ಕಷಾಯ, ತಾಯಿತ, ಹೊಸ ಚಪ್ಪಲಿ ಹೀಗೆ ಒಂದೊಂದೇ ಬಂದು ನಮ್ಮ ನಡುಮನೆ ಔಷಧಿ ಅಂಗಡಿಯಾಯಿತು. ಮುದ್ದುರಾಜನಿಗೆ ನಿಜವಾಗಿ ಹಲ್ಲುನೋವು ಬಂದಾಗ ಲವಂಗ ಕೆಲಸಕ್ಕೆ ಬಂತು.

ಅಷ್ಟರಲ್ಲಿ ಶಾಲೆ ಶುರುವಾಗುವ ಕಾಲ ಹತ್ತಿರ ಬಂದಿತ್ತು. ಇಂಚರಳ ವಯಸ್ಸಿನ ಮಕ್ಕಳೆಲ್ಲ ಹೋಗುತ್ತಾರೆ. ಮುದ್ದುರಾಜನ ತಮ್ಮ ಇರುವುದು ಮನೆಗಳು ಕದಲದ ಊರಿನಲ್ಲಿ. ಅಲ್ಲಿ ಒಂದು ಬಾಡಿಗೆ ಮನೆ ನೋಡಿದ್ದೇನೆಂದು ಹೇಳಿಕಳಿಸಿದ್ದ.

"ಹೊರಟುಬಿಡೋಣ ಕಣೇ" ಎಂದ ಮುದ್ದುರಾಜ. "ಅಲ್ಲಿ ಎದುರುಮನೆ ಎದುರಲ್ಲೇ ಇರತ್ತೆ."

"ನಿಮ್ಮ ಬೇಕರಿ?"

"ಬೇಕರಿ ಎಲ್ಲಾದ್ರೂ ಹಾಕ್ಬೋದು. ಮಗೂನ ಎಷ್ಟು ದಿನ ಹೊದಿಕೇಲಿ ಸುತ್ತಿ ಎತ್ಕೊಂಡು ಓಡಾಡ್ತೀಯಾ?"

ಇಂಚರ ತಾನಾಗಿ ಬಾಗಿಲು ದಾಟಿದರೆ ಈ ಊರು, ಇಲ್ಲದಿದ್ದರೆ ಆ ಊರು ಎಂದು ಒಪ್ಪಿಕೊಂಡೆವು. ಒಪ್ಪಿದೆನೇನೋ ಸರಿ, ಆದರೆ ಬೆಳಗಾದರೆ ಎಲ್ಲಿದ್ದೇನೆಂದು ತಿಳಿಯದ ಈ ಹುಚ್ಚು ಊರನ್ನು ನಾನು ಬಹಳ ಪ್ರೀತಿಸುತ್ತಿದ್ದೆ.

ಈಗ ನನ್ನ ದಡ್ಡತನದ ವಿಷಯ. ನನ್ನ ಎದುರಿಗೆ ಬಂದವರು ಒಂದಲ್ಲ ಒಂದು ದಿನ ಒಬ್ಬರಿಗೊಬ್ಬರು ಎದುರಾಗುತ್ತಾರೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಒಂದು ಭಾನುವಾರ ಖೈರುನ್ನೀಸಾಳ ಮನೆ ಪದ್ಮಾವತಮ್ಮನ ಮನೆಯ ಎದುರಿಗೆ ಹೋಗಿ ನಿಂತಿತು. ಬಟ್ಟಲು ಬದಲಾಯಿಸಿಕೊಳ್ಳುವಾಗ ಇವಳು "ವಾರಿಜನ ಮಗೂನ ಕಿವಿನೋವು ವಾಸಿಯಾಯ್ತೋ ಏನೋ" ಎಂದಿದ್ದಾಳೆ. ಆಕೆ "ಕಿವಿಯಲ್ಲ, ಹಲ್ಲು" ಎಂದಿದ್ದಾರೆ. ಕಿವಿ, ಹಲ್ಲು, ಕಿವಿ, ಹಲ್ಲು ಎಂದು ಮಾತು ಬೆಳೆದು, ಇಬ್ಬರೂ ಬಟ್ಟಲು ಹಿಡಿದುಕೊಂಡೇ ನನ್ನನ್ನು ಹುಡುಕಿ ಹೊರಟಿದ್ದಾರೆ. ದಾರಿಯಲ್ಲಿ ಜಂತುಹುಳದವರು ಸಿಕ್ಕಿದ್ದಾರೆ, ದೃಷ್ಟಿಯವರು ಸೇರಿದ್ದಾರೆ. ನಮ್ಮ ಮನೆ ಸಿಗುವಷ್ಟರಲ್ಲಿ ಅದೊಂದು ಮೆರವಣಿಗೆ. ನಾನು ಬಾಗಿಲು ತೆಗೆದಾಗ ಬೀದಿ ತುಂಬ ಜನ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಹಿಂದೆ ಗುರುಪಾದಪ್ಪನವರು ಗಟ್ಟಿಯಾಗಿ, "ಹಲ್ಲಿ ಬಿದ್ದು ಎಷ್ಟೋ ದಿನ ಆಯ್ತು, ಇನ್ನೂ ಕಿರುಚ್ತಾಳೆ ಅಂದ್ರೆ ಎಂಥ ಹಲ್ಲಿ ಅದು?" ಎನ್ನುತ್ತಿದ್ದರು.

ಒಳಗೆ ಇಂಚರ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ನಡುಗುತ್ತಿದ್ದಳು. ಅವಳನ್ನು ನೋಡಿದ್ದೇ ನನ್ನ ಭಯವೆಲ್ಲ ಎಲ್ಲಿಗೋ ಹೋಗಿ ಸಿಟ್ಟು ನೆತ್ತಿಗೇರಿತು.

"ಸುಮ್ನಿರಿ ಎಲ್ರೂ!" ಎಂದು ಪಿಸುಮಾತಿನಲ್ಲೇ ಗದರಿದೆ. ಪಿಸುಮಾತಿನಲ್ಲಿ ಗದರುವುದನ್ನು ಆ ವರ್ಷ ನಾನು ಚೆನ್ನಾಗಿ ಕಲಿತಿದ್ದೆ. "ಕಿವೀನೂ ಇಲ್ಲ, ಹಲ್ಲೂ ಇಲ್ಲ, ಹಲ್ಲೀನೂ ಇಲ್ಲ. ನಾನು ಹೇಳಿದ್ದೆಲ್ಲ ಸುಳ್ಳು. ನನ್ನ ಮಗಳಿಗೆ ಆಟಿಸಂ ಇದೆ. ಬಾಗಿಲು ತೆಗೆದ್ರೆ ದಿನಾ ಬೇರೆ ಮನೆ ಇರತ್ತಲ್ಲ, ಅದು ಅವಳಿಗೆ ಆಗಲ್ಲ. ಗಲಾಟೆ ಆಗಲ್ಲ. ಯಾರಾದ್ರೂ ಅಯ್ಯೋ ಪಾಪ ಅಂದ್ರೆ ನಂಗೆ ಆಗಲ್ಲ."

ಪದ್ಮಾವತಮ್ಮ ಒಂದು ಹೆಜ್ಜೆ ಮುಂದೆ ಬಂದು, "ನಂಗೂ ದಿನಾ ಬಾಗಿಲು ತೆಗೆಯೋವಾಗ ಎದೆ ಧಸಕ್ ಅನ್ನತ್ತೆ ವಾರಿಜ. ಹಂಗಾದ್ರೆ ನಂಗೂ ಅದೇನಾ?" ಎಂದರು.

"ಅಲ್ಲ ಪದ್ಮಾವತಮ್ಮ. ನಿಮಗೆ ಧಸಕ್ ಅಂದು ಸುಮ್ಮನಾಗತ್ತೆ, ಆಮೇಲೆ ನೀವು ಇಡ್ಲಿ ತಿಂತೀರಿ. ಅವಳಿಗೆ ಅದು ನಿಲ್ಲೋದೇ ಇಲ್ಲ."

ಪದ್ಮಾವತಮ್ಮ ಹೌದೆಂದು ತಲೆಯಾಡಿಸಿದರು. ಯಾರೋ ಅಂಟುತ್ತದೆಯೇ ಎಂದು ಕೇಳಿದರು, ಇಲ್ಲ ಎಂದೆ. ಯಾರೋ ಹಿಂದಿನಿಂದ ಅಯ್ಯೋ ಪಾಪ ಎಂದೇ ಎಂದರು, ಪಕ್ಕದವರು ಅವರನ್ನು ಚಿವುಟಿದ್ದು ಕಂಡಿತು. ಖೈರುನ್ನೀಸಾ ಮಾತ್ರ ದನಿ ತಗ್ಗಿಸಿ, "ಏನು ಕಂಡ್ರೆ ಅವಳಿಗೆ ಖುಷಿ?" ಎಂದು ಕೇಳಿದಳು.

ಇಷ್ಟು ದಿನ ಅದನ್ನು ಯಾರೂ ಕೇಳಿರಲಿಲ್ಲ. ಯಾವುದಕ್ಕೆ ಅಳುತ್ತಾಳೆ, ಯಾಕೆ ಅಳುತ್ತಾಳೆ ಎಂಬುದಕ್ಕೆ ನನ್ನ ಬಳಿ ಗಂಟೆಗಟ್ಟಲೆ ಉತ್ತರವಿತ್ತು. ನನ್ನ ಹಿಂದಿನಿಂದ ಮುದ್ದುರಾಜ, "ಹಳದಿ" ಎಂದ. "ಅವಳ ಹೊದಿಕೆ ಇದೆಯಲ್ಲ, ಆ ಹಳದಿ. ಹೂವು, ಗೀಟು ಏನೂ ಇರಬಾರದು, ಬರೀ ಹಳದಿ. ಅದನ್ನ ಮುಖದ ಹತ್ರ ಇಟ್ಕೊಂಡ್ರೆ ಸಮಾಧಾನ ಆಗ್ತಾಳೆ." ಹೇಳುವಾಗ ಅವನ ಮುಖದಲ್ಲಿ ಎಂಥ ಹೆಮ್ಮೆ! ಮಗಳು ಪರೀಕ್ಷೆಯಲ್ಲಿ ಮೊದಲು ಬಂದಳೆಂದು ಹೇಳುತ್ತಿರುವವನ ಹಾಗೆ ನಿಂತಿದ್ದ.

ಆ ವಾರ ಬಟ್ಟೆ ಅಂಗಡಿಯಲ್ಲಿ ಹಳದಿ ಬಟ್ಟೆ ಮುಗಿದುಹೋಯಿತು. ಹಳದಿ ಸಿಗದವರು ಬಿಳಿ ಪಂಚೆಯನ್ನು ಅರಿಶಿನದ ನೀರಿನಲ್ಲಿ ಅದ್ದಿದರು. ಲೋಟಗಳ ಸದ್ದು ನಿಂತ ಕೂಡಲೇ ಪ್ರತಿ ಮನೆಯವರೂ ಕಿಟಕಿಯಿಂದ ಇಣುಕುವುದು, ಎದುರಿಗೆ ನಮ್ಮ ಮನೆ ಇದ್ದರೆ ದಡಬಡ ಓಡಿಬಂದು ತಮ್ಮ ಬಾಗಿಲಿಗೆ ಹಳದಿ ಬಟ್ಟೆ ಇಳಿಬಿಡುವುದು, ಕೂಗದೆ ಪಿಸುದನಿಯಲ್ಲಿ "ಯಾರ ಮನೆ ಇವತ್ತು?" ಎನ್ನುವುದು. ಮೊದಲ ದಿನ ಅರಿಶಿನದ ಪಂಚೆ ತೊಟತೊಟ ಸುರಿಯುತ್ತಿತ್ತು. ಇಂಚರ ಕಿರುಚಿದಳು, ಆದರೆ ಬೇಗ ನಿಲ್ಲಿಸಿದಳು. ಇನ್ನೊಂದು ದಿನ ಕಿರುಚಲಿಲ್ಲ, ಮಾರನೆಯ ದಿನ ಮತ್ತೆ ಕಿರುಚಿದಳು. ಒಬ್ಬರು ಸೂರ್ಯಕಾಂತಿ ಹೂವಿನ ಚಿತ್ರವಿರುವ ಬೆಡ್‌ಶೀಟು ಹಾಕಿ ಊರವರಿಂದೆಲ್ಲ ಬೈಸಿಕೊಂಡರು. ನಿಧಾನವಾಗಿ ಅವಳು ಹೊಸ್ತಿಲವರೆಗೆ ಬಂದು, ಬಾಗಿಲ ಪಟ್ಟಿ ಹಿಡಿದು, ಎದುರಿನ ಹಳದಿಯನ್ನು ನೋಡುತ್ತ ನಿಲ್ಲತೊಡಗಿದಳು. ದಾಟಲಿಲ್ಲ. ಶಾಲೆ ಶುರುವಾಯಿತು, ಬೇರೆ ಮಕ್ಕಳು ಹೋದರು, ಅವಳು ದಾಟಲಿಲ್ಲ. ನಾನು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಲು ಶುರುಮಾಡಿದೆ.

ಹಾಗೆ ತುಂಬುತ್ತಿದ್ದ ದಿನಗಳಲ್ಲೇ ಒಂದು ಬೆಳಗ್ಗೆ ನಮ್ಮ ಎದುರಿಗೆ ಗುರುಪಾದಪ್ಪನವರ ಮನೆ ಬಂತು. ಗುರುಪಾದಪ್ಪನವರೆಂದರೆ ಬೀದಿಯ ನಾಯಿಯೂ ನೆಟ್ಟಗೆ ಕೂರುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಅವರು ನಗುವುದನ್ನು ಕಂಡವರಿಲ್ಲ. ನಾನು ಚಿಲಕ ಸರಿಸಿ ಬಾಗಿಲು ತೆಗೆದೆ. ಎದುರಿನ ಬಾಗಿಲಿನಲ್ಲಿ ಬಟ್ಟೆ ಇರಲಿಲ್ಲ, ಸಾಕ್ಷಾತ್ ಹೆಡ್ಮಾಸ್ಟರೇ ಇದ್ದರು. ಪ್ಯಾಂಟು ಶರಟಿನ ಮೇಲೆ ಹಳದಿ ರೇಷ್ಮೆ ಸೀರೆಯನ್ನು ಅಡ್ಡಾದಿಡ್ಡಿ ಸುತ್ತಿಕೊಂಡು, ಎರಡೂ ಕೈ ಚಾಚಿ, ಕನ್ನಡಕ ಒಂದು ಕಿವಿಯಿಂದ ಜಾರಿ ನೇತಾಡುತ್ತಿರಲು ಅಲ್ಲಾಡದೆ ನಿಂತಿದ್ದರು.

"ಮೊಳೆ ಸಿಗ್ಲಿಲ್ಲಮ್ಮ" ಎಂದರು ತುಟಿ ಹೆಚ್ಚು ಕದಲಿಸದೆ. "ಹುಡುಕ್ತಾ ಇದ್ದೆ, ಅಷ್ಟರಲ್ಲಿ ನಿಮ್ಮ ಚಿಲಕದ ಸದ್ದಾಯ್ತು. ಇದು ನಮ್ಮ ಮನೆಯವರದು. ಅವರು ಹೋದ ಮೇಲೆ ಟ್ರಂಕಿಂದ ಈಚೆ ತೆಗೆದಿದ್ದು ಇವತ್ತೇ. ಅಂಚು ಸ್ವಲ್ಪ ಕೆಂಪಿದೆ. ನಡೆಯತ್ತಾ?"

ನಾನು ಬಾಯಿ ತೆರೆಯುವ ಮುಂಚೆ ನನ್ನ ಕೈಯಡಿಯಿಂದ ಏನೋ ನುಸುಳಿತು. ಇಂಚರ ಹೊಸ್ತಿಲ ಮೇಲೆ ನಿಂತಳು, ಇಳಿದಳು, ಬೀದಿ ದಾಟಿದಳು. ನೇರ ಹೆಡ್ಮಾಸ್ಟರ ಹತ್ತಿರ ಹೋಗಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಮೂಸಿ, ಅದನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಸೇರಿಕೊಂಡಳು. ಸೀರೆಯ ಒಳಗಿನಿಂದ ಅವಳ ಕೇಕೆ ಕೇಳಿಸಿತು, ಮುಚ್ಚಳ ತಿರುಗಿಸುವಾಗ ಹಾಕುವ ಅದೇ ಕೇಕೆ. ಮುದ್ದುರಾಜ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದು ನನ್ನ ಹೆಗಲು ಹಿಡಿದ. ನನ್ನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಮನೆ ಮತ್ತೊಮ್ಮೆ ಜರುಗುತ್ತಿದೆ ಎಂದುಕೊಂಡೆ.

ಬಹಳ ಹೊತ್ತಾದ ಮೇಲೆ ಗುರುಪಾದಪ್ಪನವರು, "ನಾನು ಶಾಲೆಗೆ ಹೋಗ್ಬೇಕಲ್ಲಮ್ಮ" ಎಂದರು.

"ಸೀರೆ ಬಿಚ್ಚಿಕೊಡಿ ಸಾರ್, ಅವಳು ಇಟ್ಕೊಳ್ಳಲಿ."

ಅವರು ಒಂದು ಸುತ್ತು ಬಿಚ್ಚಿ ನೋಡಿದರು. ಒಳಗಿನಿಂದ ಕಿರುಚಿದ್ದು ಕೇಳಿತು. ಮತ್ತೆ ಸುತ್ತಿಕೊಂಡರು. ಸೀರೆಯ ಜೊತೆ ಒಳಗಿರುವ ಮನುಷ್ಯನೂ ಬೇಕೆಂದು ಅವಳ ಹಟ. ಗುರುಪಾದಪ್ಪನವರು ಕನ್ನಡಕ ಸರಿಮಾಡಿಕೊಂಡು, "ಸರಿ ಹಾಗಾದ್ರೆ, ನಡಿ" ಎಂದು ಹೊರಟೇಬಿಟ್ಟರು. ಮುಂದೆ ಹಳದಿ ಸೀರೆಯ ಹೆಡ್ಮಾಸ್ಟರು, ಸೆರಗಿನ ಕೆಳಗೆ ಎರಡು ಪುಟ್ಟ ಬರಿಗಾಲು, ಹಿಂದೆ ಬಾಯಲ್ಲಿ ನೊರೆಯೊಂದಿಗೆ ಮುದ್ದುರಾಜ, ಅವನ ಹಿಂದೆ ಇಕ್ಕಳ ಹಿಡಿದುಕೊಂಡೇ ಬಂದಿದ್ದ ನಾನು. ತಿರುವಿನಲ್ಲಿ ತರಕಾರಿ ಗಾಡಿಯವನು ಕಣ್ಣು ಕಣ್ಣು ಬಿಟ್ಟು, "ಇದೇನ್ ಸಾರ್ ವೇಷ?" ಎಂದ.

"ಮಗೂಗೆ ಆಟಿಸಂ ಇದೆ" ಎಂದರು ಗುರುಪಾದಪ್ಪನವರು, ಇವತ್ತು ಸೋಮವಾರ ಎನ್ನುವಷ್ಟು ಸಲೀಸಾಗಿ. "ಶಾಲೆ ಯಾವ ಕಡೆ ಹೋಗಿದೆ ಹೇಳು."

"ಕೆರೆ ಕಡೆಗೆ ಸಾರ್" ಎಂದವನು ಗಾಡಿ ಪಕ್ಕಕ್ಕೆ ಎಳೆದು ದಾರಿ ಬಿಟ್ಟ.

ದಾರಿಯುದ್ದಕ್ಕೂ ಇಂಚರ ಆಗಾಗ ಸೆರಗು ಸರಿಸಿ ಇಣುಕಿದಳು. ಒಂದು ಹೊಸ ಬಾಗಿಲು, ಒಂದು ಹೊಸ ಮರ, ಒಂದು ಹೊಸ ನಾಯಿ. ನೋಡಿ, ಒಳಗೆ ಹೋಗಿ, ಮತ್ತೆ ನೋಡಿದಳು. ಶಾಲೆಯ ಗೇಟಿನಲ್ಲಿ ಜವಾನ ಗಂಟೆ ಬಾರಿಸಲು ಕೈ ಎತ್ತಿದ್ದ, ಹೆಡ್ಮಾಸ್ಟರು ರೇಷ್ಮೆ ಸುತ್ತಿದ ಕೈ ಎತ್ತಿ ತಡೆದರು. ಅಂಗಳದ ತುಂಬ ಇದ್ದ ಮಕ್ಕಳು ಒಂದು ಕ್ಷಣ ಕಲ್ಲಾದರು, ಆಮೇಲೆ ತಡೆಯಲಾರದೆ ಕಿಸಕ್ಕೆಂದರು. "ನಗೋದಿದ್ರೆ ಮೆಲ್ಲಗೆ ನಗಿ" ಎಂದರು ಗುರುಪಾದಪ್ಪನವರು. ಇಡೀ ಶಾಲೆ ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ನಕ್ಕಿತು.

ನಾನು ಅವರ ಹಿಂದೆಯೇ ಒಳಗೆ ನುಗ್ಗಲು ಹೋದೆ. ಅವರು ತಿರುಗಿ ನಿಂತು, ಹಲ್ಲಿಯ ಬಗ್ಗೆ ಕೇಳಿದ್ದ ಅದೇ ಗಡಸು ದನಿಯಲ್ಲಿ, "ಅಮ್ಮ, ಅಪ್ಪ ಎಲ್ಲ ಗೇಟಿಂದ ಆಚೆ. ಬೇರೆ ಮಕ್ಕಳ ತಾಯಂದಿರನ್ನ ಒಳಗೆ ಬಿಡ್ತೀನಾ ನಾನು? ಮಧ್ಯಾಹ್ನ ಬನ್ನಿ" ಎಂದರು.

ಗೇಟು ಮುಚ್ಚಿತು. ಸೆರಗಿನ ಕೆಳಗಿನ ಬರಿಗಾಲುಗಳು ಅಂಗಳ ದಾಟಿ, ಮೆಟ್ಟಿಲ ಹತ್ತಿರ ಒಮ್ಮೆ ನಿಂತು, ಹತ್ತಿ ಒಳಗೆ ಹೋದವು. ತಿರುಗಿ ನೋಡಲಿಲ್ಲ. ಮುದ್ದುರಾಜ ಬ್ರಷ್ ಕೈಗೆ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಹೆಗಲು ಕುಲುಕುತ್ತಿತ್ತು, ನಗುತ್ತಿದ್ದನೋ ಅಳುತ್ತಿದ್ದನೋ ನಾನು ಕೇಳಲಿಲ್ಲ. ನಾನು ಗೇಟಿನ ಸರಳು ಹಿಡಿದು ಗಟ್ಟಿಯಾಗಿ ಅಳುತ್ತಿದ್ದೆ.

ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು, "ಏನಾಯ್ತವ್ವ?" ಎಂದಳು. ಅವಳ ಪರಿಚಯ ನನಗಿರಲಿಲ್ಲ.

"ಮಗಳು ಇಸ್ಕೂಲಿಗೆ ಹೋದ್ಲು" ಎಂದೆ.

"ಮೊದಲ್ನೇ ದಿನಾನಾ? ಹಂಗೇ ಕಣವ್ವ ಅದು. ಎ‌ಲ್ಲಾರ್ಗೂ ಹಂಗೇ ಆಯ್ತದೆ" ಎಂದು ಅವಳು ಬುಟ್ಟಿ ಸರಿಮಾಡಿಕೊಂಡು ಹೊರಟುಹೋದಳು. ನಾನು ಎಲ್ಲ ತಾಯಂದಿರ ಹಾಗೆ ಗೇಟಿನ ಹೊರಗೆ ನಿಂತು ಮನಸ್ಸಿಗೆ ತೃಪ್ತಿಯಾಗುವಷ್ಟು ಅತ್ತೆ.